ಥೈರಾಯ್ಡ್ ಡಾಪ್ಲರ್: ಕತ್ತಿನ ರಕ್ತದ ಹರಿವನ್ನು ಓದುವುದು ಹೇಗೆ?

ಹೆರಿಗೆಯಾಗಿ ಮೂರು ತಿಂಗಳು. ತಾಯಿಗೆ ಎದೆ ಡವಡವ, ಕೈ ನಡುಕ. ಉಂಡರೂ ತೂಕ ಇಳಿಯುತ್ತಿದೆ. ಬಾಣಂತನದ ಸುಸ್ತು ಎಂದು ಮನೆಯವರು ಸುಮ್ಮನಾಗುತ್ತಾರೆ. ರಕ್ತಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಗ್ರಂಥಿಗೆ ಆಜ್ಞೆ ಕೊಡುವ ಹಾರ್ಮೋನು ಟಿಎಸ್‌ಎಚ್ ತಳ ಕಂಡಿದೆ, ಗ್ರಂಥಿಯೇ ತಯಾರಿಸುವ ಟಿ4 ಏರಿದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದೆ ಎಂದಷ್ಟೇ ಇದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ.

ಕಾರಣ ಎರಡರಲ್ಲಿ ಒಂದಿರಬಹುದು. ಗ್ರಂಥಿಯೆಂಬ ಗಿರಣಿ ಹಗಲುರಾತ್ರಿ ಓಡುತ್ತಿರಬಹುದು: ಇದು ಗ್ರೇವ್ಸ್ ಕಾಯಿಲೆ. ಇಲ್ಲವೇ ಗೋದಾಮಿನ ಗೋಡೆ ಕುಸಿದು, ಕೂಡಿಟ್ಟ ಮಾಲು ಬೀದಿಗೆ ಬಿದ್ದಿರಬಹುದು: ಇದು ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ. ಎರಡರಲ್ಲೂ ದೇಹದ ಕಾವಲುಪಡೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ, ಆದರೆ ಔಷಧ ಬೇರೆ. ಗ್ರೇವ್ಸ್‌ಗೆ ಕಾರ್ಬಿಮಜೋಲ್‌ನಂಥ ಹಾರ್ಮೋನು ತಯಾರಿಕೆ ತಡೆಯುವ ಮಾತ್ರೆ ಬೇಕು. ಉರಿಯೂತಕ್ಕೆ ಅದನ್ನು ಕೊಟ್ಟರೆ ಪ್ರಯೋಜನವಿಲ್ಲ. ಗಿರಣಿಯೇ ನಿಂತಿರುವಾಗ ಬೀಗ ಹಾಕಿ ಏನು ಬಂತು? ವಿಕಿರಣ ಅಯೋಡಿನ್ ಸ್ಕ್ಯಾನ್ ಇವೆರಡನ್ನೂ ಬೇರ್ಪಡಿಸುತ್ತದೆ, ಆದರೆ ಎದೆಹಾಲು ಕುಡಿಸುವವರಿಗೂ ಗರ್ಭಿಣಿಯರಿಗೂ ಅದು ಸಲ್ಲದು. ಶಬ್ದದ ಅಲೆಗಳಿಂದ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ನಿಜಕ್ಕೂ ಕೈಹಿಡಿಯುವುದು ಇಲ್ಲಿಯೇ.

ಸ್ಕ್ಯಾನ್ ಕೋಣೆಯಲ್ಲಿ

ಉಪವಾಸ ಬೇಡ. ಸರ, ತಾಳಿ ತೆಗೆದಿಟ್ಟರೆ ಸಾಕು. ಥೈರಾಯ್ಡ್ ಮಾತ್ರೆ ಈಗಾಗಲೇ ಶುರುವಾಗಿದ್ದರೆ ಮೊದಲೇ ಹೇಳಿಬಿಡಿ, ಏಕೆಂದರೆ ಚಿಕಿತ್ಸೆಯಿಂದ ಹರಿವು ತಗ್ಗಿ ಚಿತ್ರ ದಾರಿ ತಪ್ಪಿಸಬಹುದು.

ಹೆಗಲಡಿ ದಿಂಬಿಟ್ಟು ಕತ್ತನ್ನು ಹಿಂದಕ್ಕೆ ಚಾಚಿಸುತ್ತಾರೆ. ಜೆಲ್ ಹಚ್ಚಿ, ಚರ್ಮದ ಹತ್ತಿರದ ಅಂಗಗಳಿಗೆಂದೇ ಇರುವ ಹೆಚ್ಚು ಕಂಪನಾಂಕದ ಶಬ್ದದಲೆ ಕಳಿಸಿ ಹಿಡಿಯುವ ಪ್ರೋಬ್‌ನಿಂದ ಮೊದಲು ಕಪ್ಪುಬಿಳುಪು ಚಿತ್ರ ತೆಗೆಯುತ್ತಾರೆ. ಆರೋಗ್ಯವಂತ ಗ್ರಂಥಿ ತಿಳಿ ಬೂದಿ ಬಣ್ಣದಲ್ಲಿ ಒಂದೇ ಸಮನಾಗಿ ಕಾಣುತ್ತದೆ. ಕಾವಲುಪಡೆಯ ದಾಳಿಗೆ ಸಿಕ್ಕ ಗ್ರಂಥಿ ಕಪ್ಪಾಗಿ, ಚುಕ್ಕೆಚುಕ್ಕೆಯಾಗಿ ಒಡೆದಂತಿರುತ್ತದೆ.

ಆಮೇಲೆ ಬಣ್ಣದ ಗುಂಡಿ. ಕೆಂಪೆಂದರೆ ಅಪಧಮನಿ, ನೀಲಿಯೆಂದರೆ ಅಭಿಧಮನಿ ಎಂದು ಬಹಳ ಜನ ನಂಬಿದ್ದಾರೆ, ಹಾಗಲ್ಲ. ರಕ್ತ ಪ್ರೋಬ್‌ನತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನಷ್ಟೇ ಆ ಬಣ್ಣ ತೋರಿಸುತ್ತದೆ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬೆಳಕಿನ ಬಗ್ಗೆ ಹೇಳಿದ ತತ್ವವೇ ಇಲ್ಲಿ ಕೆಂಪು ರಕ್ತಕಣಗಳಿಗೆ ಬಡಿದು ಮರಳುವ ಶಬ್ದಕ್ಕೆ ಅನ್ವಯವಾಗಿದೆ.

ಪರೀಕ್ಷಕರ ಕೈಗುಣ ತಿಳಿಯುವುದೂ ಈ ಹಂತದಲ್ಲೇ. ಪ್ರೋಬ್ ಒತ್ತಿ ಹಿಡಿದರೆ ಸಣ್ಣ ನಾಳಗಳು ಮುಚ್ಚಿಹೋಗಿ ಹರಿವೇ ಇಲ್ಲವೆನಿಸುತ್ತದೆ. ಗೇನ್, ಅಂದರೆ ಮರಳಿದ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಹೆಚ್ಚಿಸಿದರೆ ಇಲ್ಲದ ಕಡೆಯೂ ಬಣ್ಣ ಚೆಲ್ಲುತ್ತದೆ. ನೀವು ಉಗುಳು ನುಂಗಿದರೂ ತೆರೆಯ ತುಂಬ ಓಕುಳಿ. ‘ನುಂಗಬೇಡಿ’ ಎಂದು ಅವರು ಗದರುವುದು ಅದಕ್ಕೇ.

ಚಿತ್ರ ಏನು ಹೇಳುತ್ತದೆ?

ಗ್ರೇವ್ಸ್‌ನಲ್ಲಿ ಗ್ರಂಥಿಯಿಡೀ ಹೊತ್ತಿ ಉರಿಯುವಂತೆ ಬಣ್ಣ ತುಂಬಿರುತ್ತದೆ. ಇದಕ್ಕೆ 1988ರಲ್ಲಿ ‘ಥೈರಾಯ್ಡ್ ಇನ್ಫರ್ನೊ’ ಎಂಬ ಹೆಸರು ಬಿತ್ತು. ಉರಿಯೂತದಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲೊಂದು ಇಲ್ಲೊಂದು ಚುಕ್ಕೆ, ಕೆಲವೊಮ್ಮೆ ಅದೂ ಇಲ್ಲ.

ಕಣ್ಣಂದಾಜು ಸಾಲದು, ಅಳತೆಯೂ ಬೇಕು. ಕೆಳ ಥೈರಾಯ್ಡ್ ಅಪಧಮನಿಯಲ್ಲಿ ಅಲೆಗೂ ನಾಳಕ್ಕೂ ನಡುವಿನ ಕೋನವನ್ನು 60 ಡಿಗ್ರಿಯೊಳಗೆ ಹಿಡಿದು, ರಕ್ತದ ಗರಿಷ್ಠ ವೇಗ ನೋಡುತ್ತಾರೆ. ಅದು ಸೆಕೆಂಡಿಗೆ ಸುಮಾರು 40 ಸೆಂ.ಮೀ. ದಾಟಿದರೆ ಗ್ರೇವ್ಸ್ ಕಡೆಗೆ ವಾಲುತ್ತಾರೆ. ಈ ಗಡಿ ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ಆದ್ದರಿಂದ ವರದಿಯಲ್ಲಿ ‘ಹರಿವು ಹೆಚ್ಚಿದೆ’ ಎಂದಷ್ಟೇ ಬರೆದಿದ್ದರೆ ಅಂಕಿಯನ್ನು ಕೇಳಿ ಪಡೆಯಿರಿ.

ಕಾವಲುಪಡೆಯ ದಾಳಿಯಿಂದ ಗ್ರಂಥಿ ನಿಧಾನವಾಗಿ ಸೊರಗುವ ಹಶಿಮೊಟೊ ಕಾಯಿಲೆಯಲ್ಲಿ ಮಾತ್ರ ಡಾಪ್ಲರ್ ಅಷ್ಟು ನೆಚ್ಚಿನ ಸಾಕ್ಷಿಯಲ್ಲ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಹರಿವು ಹೆಚ್ಚಿರಬಹುದು, ಸಹಜವಿರಬಹುದು, ಗ್ರಂಥಿ ಬತ್ತಿದ ಮೇಲೆ ಕಡಿಮೆಯೂ ಆಗಬಹುದು. ಟಿಎಸ್‌ಎಚ್ ಏರಿದಾಗ ಅದರ ಒತ್ತಡಕ್ಕೇ ನಾಳಗಳು ಹಿಗ್ಗಿ ಗ್ರೇವ್ಸ್‌ನಂತೆ ಕಂಡದ್ದೂ ಉಂಟು. ಇಲ್ಲಿ ಕಪ್ಪುಬಿಳುಪು ಚಿತ್ರ ಮತ್ತು ಟಿಪಿಒ ಪ್ರತಿಕಾಯ (ಗ್ರಂಥಿಯ ಕಿಣ್ವವೊಂದರ ವಿರುದ್ಧ ಕಾವಲುಪಡೆ ತಯಾರಿಸಿದ ಅಸ್ತ್ರ) ಪರೀಕ್ಷೆಯೇ ಹೆಚ್ಚು ಹೇಳುತ್ತವೆ. ಗ್ರೇವ್ಸ್ ಶಂಕೆ ಇದ್ದರೆ ಟಿಎಸ್‌ಎಚ್ ಗ್ರಾಹಕದ ವಿರುದ್ಧದ ಪ್ರತಿಕಾಯವನ್ನೂ ನೋಡಬೇಕು. ಬೆಲೆ ಕೊಂಚ ಜಾಸ್ತಿ.

ಆ ಬಾಣಂತಿಯ ತೆರೆಯಲ್ಲಿ ಬಣ್ಣ ಕಾಣಲಿಲ್ಲ ಎನ್ನೋಣ. ಎದೆಬಡಿತಕ್ಕೆ ಮಾತ್ರೆ ಕೊಟ್ಟು ಕಾಯುತ್ತಾರೆ. ಗೋದಾಮು ಖಾಲಿಯಾದ ಮೇಲೆ ಹಾರ್ಮೋನು ತೀರಾ ಇಳಿಯುವ ಸರದಿ ಬರಬಹುದು. ಆದ್ದರಿಂದ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸುತ್ತಿರಬೇಕು.