ಚಪ್ಪಲಿ ಬಿಚ್ಚಿ, ಅಂಗಾಲು ತೋರಿಸಿ

ಚರ್ಮದ ಕ್ಯಾನ್ಸರ್ ಮಾತು ಬಂದರೆ ಜನ ನನ್ನನ್ನು ಮೊದಲು ಕೇಳುವುದು ಸನ್‌ಸ್ಕ್ರೀನ್ ಬಗ್ಗೆ. ಎಸ್‌ಪಿಎಫ್ 30 ಸಾಕಾ, 50 ಬೇಕಾ ಅಂತ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಚರ್ಮದ ಡಾಕ್ಟರು. ನನ್ನ ಹತ್ತಿರ ತೀರಾ ತಡವಾಗಿ ಬಂದ ಕ್ಯಾನ್ಸರ್‌ಗಳು ಇದ್ದದ್ದು ಬಿಸಿಲೇ ಬೀಳದ ಜಾಗಗಳಲ್ಲಿ. ಅಂಗಾಲು, ಸೊಂಟ, ಹಳೇ ಸುಟ್ಟ ಕಲೆ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಅನ್ನುವ ಬಣ್ಣದ ವಸ್ತು ಬಿಸಿಲನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಹಾಗಂತ ಮುಖ ಬಿಟ್ಟುಬಿಡೋ ಹಾಗಿಲ್ಲ. ಮೂಗಿನ ಪಕ್ಕ, ಕಣ್ಣಿನ ಕೆಳಗೆ ಮಿರಮಿರ ಹೊಳೆಯುವ ಕಪ್ಪು ಗಂಟು ನಿಧಾನವಾಗಿ ಬೆಳೆಯುತ್ತಿದ್ದರೆ, ಅದು ಮಚ್ಚೆಯಲ್ಲ, ಬೇಸಲ್ ಸೆಲ್ ಕ್ಯಾನ್ಸರ್ ಆಗಿರಬಹುದು.

ಮೈ ಮೇಲೆ ಯಾವ ಮಚ್ಚೆ ತೋರಿಸಲು ಬಂದವರಿಗೂ ನಾನು ಚಪ್ಪಲಿ ಬಿಚ್ಚಲು ಹೇಳುತ್ತೇನೆ. ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ನಮ್ಮಲ್ಲಿ ಅಪರೂಪ. ಆದರೆ ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಜಾಸ್ತಿ. ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಅಡಿ ಶುರುವಾದ ಮೆಲನೋಮದಿಂದ. ಊರಲ್ಲಿ ಅಂಗಾಲಿನ ಮೆಲನೋಮವನ್ನು ಆಣಿ ಅಂದುಕೊಂಡು ಬ್ಲೇಡಿನಲ್ಲಿ ಕೆತ್ತುತ್ತಾರೆ, ಮೆಡಿಕಲ್ ಶಾಪಿನ ಪಟ್ಟಿ ಅಂಟಿಸುತ್ತಾರೆ. ಆಣಿ ಒತ್ತಿದರೆ ನೋಯುತ್ತದೆ. ಇದು ಎಷ್ಟೋ ಸಲ ನೋಯುವುದೇ ಇಲ್ಲ, ಅದೇ ತೊಂದರೆ.

ಡರ್ಮೋಸ್ಕೋಪ್, ಅಂದರೆ ಚರ್ಮವನ್ನು ದೊಡ್ಡದಾಗಿ ತೋರಿಸುವ ದೀಪದ ಭೂತಗನ್ನಡಿ, ಇಟ್ಟು ನೋಡಿದರೆ ಅಂಗಾಲು ಉತ್ತ ಹೊಲದ ಹಾಗೆ ಕಾಣುತ್ತದೆ, ಒಂದು ದಿಂಡು, ಒಂದು ಸಾಲು. ಸಾದಾ ಮಚ್ಚೆಯಲ್ಲಿ ಬಣ್ಣ ಸಾಲಿನೊಳಗೆ ಇಳಿದಿರುತ್ತದೆ. ಮೆಲನೋಮದಲ್ಲಿ ದಿಂಡಿನ ಮೇಲೆ ಹತ್ತಿರುತ್ತದೆ. ದಿಂಡಿನ ಮೇಲೆ ಕಂಡರೆ ನಾನು ಕಾಯುವುದಿಲ್ಲ. ಸಣ್ಣದಿದ್ದರೆ ಪೂರ್ತಿ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತೇನೆ, ದೊಡ್ಡದಿದ್ದರೆ ತೀರಾ ಕಪ್ಪಾಗಿ ದಪ್ಪಗಿರುವ ಜಾಗದಿಂದ ತುಂಡು ತೆಗೆಯುತ್ತೇನೆ. ಉಗುರಿನ ಕಪ್ಪು ಗೆರೆಗೆ ಗಾಬರಿ ಬೇಡ, ನಮ್ಮವರಲ್ಲಿ ಹಲವು ಉಗುರಲ್ಲಿ ಅಂಥ ಗೆರೆ ಸುಮ್ನೆ ಇರುತ್ತದೆ. ಒಂದೇ ಉಗುರಲ್ಲಿದ್ದು, ಅಗಲವಾಗುತ್ತಾ, ಬುಡದ ಚರ್ಮಕ್ಕೂ ಕಪ್ಪು ಹರಡಿದರೆ ಮಾತ್ರ ತಕ್ಷಣ ಬನ್ನಿ.

ಸೊಂಟದ ಕಥೆ ಬೇರೆ. ವಯಸ್ಸಾದ ಹೆಂಗಸರು ತುರಿಕೆಗೆ ಮುಲಾಮು ಕೇಳಲು ಬರುತ್ತಾರೆ. "ಅಜ್ಜಿ, ಲಾಡಿ ಸ್ವಲ್ಪ ಸಡಿಲ ಮಾಡ್ತೀರಾ?" ಅಂದರೆ, "ಅದೇನಿಲ್ಲ ಕಣವ್ವ, ಲಾಡಿ ಉಜ್ಜಿ ಉಜ್ಜಿ ಹಂಗಾಗೈತೆ" ಅನ್ನುತ್ತಾರೆ. ನಿಜಾನೇ. ಲಂಗದ ಲಾಡಿ ನಲವತ್ತು ಐವತ್ತು ವರ್ಷ ಒಂದೇ ಗೆರೆಯ ಮೇಲೆ ಬಿಗಿದರೆ ಚರ್ಮ ಕಪ್ಪಾಗಿ, ಒರಟಾಗಿ, ಕೆಲವರಲ್ಲಿ ಹುಣ್ಣಾಗುತ್ತದೆ. ಅಪರೂಪಕ್ಕೆ ಆ ಹುಣ್ಣು ಕ್ಯಾನ್ಸರಿಗೆ ತಿರುಗುತ್ತದೆ. ಇದು ಹೊಸ ಸಂಗತಿಯೇನಲ್ಲ. ಗಂಡಸರ ಪಂಚೆಯ ಗಂಟಿನ ಜಾಗದಲ್ಲಿ ಬರುವ ಕ್ಯಾನ್ಸರ್ ಬಗ್ಗೆ ಮುಂಬೈಯ ಕ್ಯಾನ್ಸರ್ ಸಂಶೋಧಕ ವಿ. ಆರ್. ಖಾನೋಲ್ಕರ್ 1945ರಲ್ಲೇ ಬರೆದಿದ್ದರು. ನಾನು ಹೇಳುವುದಿಷ್ಟೇ: ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿ, ಒಂದು ದಿನ ಮೇಲೆ ಕಟ್ಟಿದರೆ ಮಾರನೇ ದಿನ ಸ್ವಲ್ಪ ಕೆಳಗೆ ಕಟ್ಟಿ, ಮನೆಯಲ್ಲಿರುವಾಗ ನೈಟಿ ಹಾಕಿಕೊಳ್ಳಿ. ಸೀರೆ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂ ಬೇಕಿಲ್ಲ.

ಮಗುವಾಗಿದ್ದಾಗ ಒಲೆಗೆ ಬಿದ್ದು ಸುಟ್ಟ ಕಲೆ, ಕುಷ್ಠದಿಂದ ಸ್ಪರ್ಶ ಹೋದ ಪಾದದ ಹಳೇ ಹುಣ್ಣು, ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಒಣಗದ ಕಾಲಿನ ಗಾಯ. ಇವು ದಶಕಗಳ ನಂತರವೂ ಕ್ಯಾನ್ಸರ್ ಆಗಬಹುದು. ನಾನು ನೋಡುವುದು ಅಂಚು. ಅಂಚು ದಪ್ಪಗೆ ಮೇಲೆದ್ದು ಹೊರಕ್ಕೆ ಮಡಚಿದ್ದರೆ, ಮುಟ್ಟಿದರೆ ರಕ್ತ ಬಂದರೆ, ವಾಸನೆ ಬದಲಾದರೆ ಬಯಾಪ್ಸಿ, ಅಂದರೆ ತುಂಡು ತೆಗೆದು ಪರೀಕ್ಷೆ, ಮಾಡಲೇಬೇಕು. ಗಾಯದ ನಡುವೆ ಬರೀ ಸತ್ತ ಮಾಂಸ ಇರುತ್ತದೆ. ಹಾಗಾಗಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅಂಚಿನಿಂದ, ಅದೂ ಎರಡು ಮೂರು ಕಡೆಯಿಂದ, ಸ್ವಲ್ಪ ಆಳವಾಗಿಯೇ ತೆಗೆಯುತ್ತೇನೆ. ಹಳೇ ಗಾಯದಲ್ಲಿ ಚರ್ಮ ಸುಮ್ನೆ ದಪ್ಪವಾಗಿ ಬೆಳೆದು ತುಂಡನ್ನು ಪರೀಕ್ಷಿಸುವ ಪೆಥಾಲಜಿಸ್ಟ್ ಕಣ್ಣಿಗೂ ಗೊಂದಲ ಮಾಡುತ್ತದೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದರೂ ಅಂಚು ನನಗೆ ಒಪ್ಪಿಗೆಯಾಗದಿದ್ದರೆ ಇನ್ನೊಮ್ಮೆ ತೆಗೆಯುತ್ತೇನೆ. ರೋಗಿಯ ಮನೆಯವರು ಸಿಡಿಮಿಡಿ ಮಾಡುತ್ತಾರೆ, ಮಾಡಲಿ. "ಚಾಕು ತಾಗಿದ್ರೆ ಹರಡುತ್ತಂತೆ ಮೇಡಂ" ಅನ್ನುವ ಮಾತು ಪ್ರತಿ ಸಲವೂ ಬರುತ್ತದೆ. ಹಾಗೇನೂ ಆಗಲ್ಲ. ಹರಡುವುದು ಬಿಟ್ಟುಕೊಂಡು ಕೂತರೆ.

ಬೇಗ ಸಿಕ್ಕರೆ ಚಿಕಿತ್ಸೆ ಬಹುಪಾಲು ಕತ್ತರಿಸುವುದರಲ್ಲೇ ಮುಗಿಯುತ್ತದೆ. ಮುಖದ ಸಣ್ಣ ಬೇಸಲ್ ಸೆಲ್ ಗಂಟಿಗೆ ಸುತ್ತಲೂ 4 ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆದರೆ ಸಾಮಾನ್ಯವಾಗಿ ಸಾಕು. ಅಷ್ಟನ್ನು ನಮ್ಮಲ್ಲೇ ಮಾಡುತ್ತೇವೆ. ಮೆಲನೋಮಕ್ಕೆ ಆಳ ನೋಡಿ 1ರಿಂದ 2 ಸೆಂಟಿಮೀಟರ್ ಬೇಕು, ಹರಡಿದೆಯಾ ಅಂತ ತಿಳಿಯಲು ತೊಡೆಸಂದಿನ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಪರೀಕ್ಷೆಯೂ ಬೇಕಾಗಬಹುದು. ಅವರನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತೇನೆ. ಹರಡಿದ ಮೆಲನೋಮಕ್ಕೆ ಈಗ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಔಷಧ, ಇದೆ. ಆದರೆ ದುಬಾರಿ, ಅಂಗಾಲಿನ ಮೆಲನೋಮದಲ್ಲಿ ಅಷ್ಟಾಗಿ ಕೆಲಸವನ್ನೂ ಮಾಡುವುದಿಲ್ಲ.

ಸನ್‌ಸ್ಕ್ರೀನಿಗೆ ಬರೋಣ. ಹುಟ್ಟಿನಿಂದಲೇ ಮೈಯೆಲ್ಲ ಬೆಳ್ಳಗಿರುವ ಆಲ್ಬಿನಿಸಂ ಮಕ್ಕಳಿಗೆ ಅದು ಸೌಂದರ್ಯದ ವಸ್ತು ಅಲ್ಲ, ಔಷಧ. ಜೊತೆಗೆ ತುಂಬು ತೋಳು, ಅಗಲ ಟೋಪಿ. ಇನ್ನೊಂದು, ಝೀರೋಡರ್ಮಾ ಪಿಗ್ಮೆಂಟೋಸಂ. ಬಿಸಿಲಿನಿಂದಾದ ಹಾನಿಯನ್ನು ಸರಿಪಡಿಸುವ ಶಕ್ತಿ ಈ ಮಕ್ಕಳ ಜೀವಕೋಶಗಳಿಗೆ ಇರುವುದಿಲ್ಲ. ಮುಖದ ತುಂಬ ಕಪ್ಪು ಚುಕ್ಕೆ ಏಳುತ್ತವೆ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಮನೆಗಳಲ್ಲಿ ಇದರ ಸಾಧ್ಯತೆ ಜಾಸ್ತಿ. ಇಂಥ ಮಕ್ಕಳಿಗಾಗಿ ಶಾಲೆಗೆ ನಾನೇ ಪತ್ರ ಬರೆದುಕೊಡುತ್ತೇನೆ: ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲಿಸಬೇಡಿ, ಕಿಟಕಿಯಿಂದ ದೂರ ಕೂರಿಸಿ ಅಂತ.

ಆಪರೇಷನ್ ಆದವರಿಗೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಬರಲು ಹೇಳುತ್ತೇನೆ. ಕಲೆ ನೋಡಿ, ತೊಡೆಸಂದು, ಬಗಲು ಒತ್ತಿ ನೋಡಿ ಕಳಿಸುತ್ತೇನೆ, ಐದು ನಿಮಿಷದ ಕೆಲಸ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅವರು ತಪ್ಪದೆ ಬರುತ್ತಾರೆ. ಗಂಡಸರನ್ನು ಫೋನ್ ಮಾಡಿ ಕರೆಸಬೇಕು.