ಎರೆ ಹೊಲವೂ ಮಾರ್ಟರ್ ಅಂದಾಜೂ

ಗದಗ ಸೀಮೆಯಿಂದ ಸೇನಾ ಭರ್ತಿಗೆ ತಯಾರಾಗುತ್ತಿರುವ ಹುಡುಗರು ಸಂಜೆ ನಮ್ಮ ಹೊಲದ ದಾರಿಯಲ್ಲಿ ಓಡುತ್ತಾರೆ. ನಾನು ಕಾಲ್ದಳದಲ್ಲಿ 51 ಮಿಲಿಮೀಟರ್ ಮಾರ್ಟರ್, ಅಂದರೆ ಬಾಂಬನ್ನು ಮೇಲಕ್ಕೆ ಎಸೆಯುವ ಕೊಳವೆ, ಹೊತ್ತವನು ಎಂದು ಗೊತ್ತಿರುವುದರಿಂದ ನಿಂತು ಕೇಳುತ್ತಾರೆ: ಅಷ್ಟು ಸಣ್ಣ ಕೊಳವೆಯಿಂದ ಗುರಿ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಬಾಂಬ್ ಎಡಬಲಕ್ಕೆ ತಪ್ಪುವುದು ಕಡಿಮೆ, ಹಿಂದೆ ಮುಂದೆ ಬೀಳುವುದೇ ಹೆಚ್ಚು. ಇದನ್ನು ನನ್ನ ತಲೆಗೆ ಇಳಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಈ ಮಾರ್ಟರ್ ಸುಮಾರು 850 ಮೀಟರ್‌ವರೆಗೆ ಎಸೆಯುತ್ತದೆ. 45 ಡಿಗ್ರಿಯಲ್ಲಿ ಅತಿ ದೂರ. ಕೊಳವೆ ನೆಟ್ಟಗಾದಷ್ಟೂ ಬಾಂಬ್ ಹತ್ತಿರ ಬೀಳುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 80 ಡಿಗ್ರಿಯಲ್ಲಿ ಅದು ಬೀಳುವುದು ಸುಮಾರು 290 ಮೀಟರ್‌ಗೆ. ಅಲ್ಲಿ ಒಂದು ಡಿಗ್ರಿ ದಿಕ್ಕು ತಪ್ಪಿದರೆ ಐದು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಅದೇ ಒಂದು ಡಿಗ್ರಿ ಎತ್ತರದಲ್ಲಿ ತಪ್ಪಿದರೆ ಸುಮಾರು 28 ಮೀಟರ್! ಈ ಮಾರ್ಟರ್‌ಗೆ ಎರಡು ಕಾಲಿನ ಆಸರೆಯೂ ಇಲ್ಲ, ಕೋನವನ್ನು ಕೈಯೇ ಹಿಡಿದು ಕೊಡಬೇಕು. ಮುಂದೆ ನಮ್ಮವರೇ ಬಗ್ಗಿ ಸಾಗುತ್ತಿರುವಾಗ ಆ 28 ಮೀಟರ್ ಎಂದರೆ ಏನೆಂದು ನನಗೆ ಯಾವತ್ತೂ ಮರೆಯುವುದಿಲ್ಲ.

80 ಡಿಗ್ರಿಯಲ್ಲಿ ಮೇಲೆ ಹೋದ ಬಾಂಬ್ ಸುಮಾರು ಹದಿನೆಂಟು ಸೆಕೆಂಡ್ ಗಾಳಿಯಲ್ಲಿಯೇ ಇರುತ್ತದೆ. ಕಪ್ಪತಗುಡ್ಡದ ಗಾಳಿಗೆ ಬೆಳೆದವನಿಗೆ ಆ ಹೊತ್ತಿನಲ್ಲಿ ಗಾಳಿ ಏನೇನು ಮಾಡಬಲ್ಲದು ಎಂದು ವಿವರಿಸಬೇಕಾಗಿಲ್ಲ. 40 ಮಿಲಿಮೀಟರ್ ಗ್ರೆನೇಡ್ ಲಾಂಚರ್‌ನ ಕಥೆ ಬೇರೆ: ಅದರ ನಳಿಗೆಯಲ್ಲಿ ಸುರುಳಿ ಗೆರೆಗಳಿವೆ, ಗ್ರೆನೇಡ್ ತಿರುಗುತ್ತಾ ಹೋಗುತ್ತದೆ. ಆದರೂ ನಿಧಾನದ ವೇಗದಿಂದಾಗಿ ಅದೂ ದೊಡ್ಡ ಕಮಾನು ಬಿಡಿಸುತ್ತದೆ, ದೂರದ ಅಂದಾಜು ಅಲ್ಲಿಯೂ ಬೇಕು.

ನನ್ನ ದೊಡ್ಡ ತಪ್ಪು ಮಳೆ ನಿಂತ ಮರುದಿನದ ಅಭ್ಯಾಸದಲ್ಲಿ ಆಯಿತು. ನೆಲ ನಮ್ಮ ಎರೆಯಂತೆಯೇ ಮೆತ್ತಗಿತ್ತು. ಮೊದಲ ಬಾಂಬ್‌ನ ಹಿನ್ನೊದೆತಕ್ಕೆ ಕೊಳವೆಯ ಬುಡದ ಬೇಸ್ ಪ್ಲೇಟ್ ಒಂದು ಬದಿಗೆ ಹೂತುಕೊಂಡಿತು. ನಾನದನ್ನು ಗಮನಿಸದೆ ಎರಡನೆಯದನ್ನು ಹಾರಿಸಿದೆ, ಅದು ಎಲ್ಲೋ ಹೋಗಿ ಬಿದ್ದಿತು. ಎರೆ ನೆಲದ ಮಗ ಎರೆಯನ್ನೇ ಓದಲಿಲ್ಲ ಎಂದು ನಮಗೆ ಕಲಿಸುತ್ತಿದ್ದ ಉಸ್ತಾದರು ಗದರಿದರು. ಅಂದಿನಿಂದ ಪ್ಲೇಟ್ ಇಡುವ ಜಾಗವನ್ನು ಕಾಲಿನಿಂದ ಒತ್ತಿ ನೋಡದೆ ಕೂತವನಲ್ಲ. ಬಂಡೆಯ ಮೇಲಾದರೆ ಕೆಳಗೆ ಮರಳಿನ ಚೀಲ ಇಡುತ್ತಿದ್ದೆ, ಇಲ್ಲದಿದ್ದರೆ ಪ್ಲೇಟ್ ಜಾರುತ್ತದೆ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಕಣ್ಣಳತೆ. ಬಯಲಿನಲ್ಲಿ, ಬೆಳಗಿನ ನಿಚ್ಚಳ ಬೆಳಕಿನಲ್ಲಿ ದೂರದ್ದು ಹತ್ತಿರ ಕಾಣುತ್ತದೆ. ನಮ್ಮ ಸೀಮೆಯ ಹುಡುಗರು ದೂರವನ್ನು ಕಡಿಮೆ ಹೇಳುವುದು ಇದಕ್ಕೇ. ಮೊನ್ನೆ ಒಬ್ಬನಿಗೆ ಕಡಲೆ ಹೊಲದಾಚೆಯ ಬೇವಿನ ಮರ ತೋರಿಸಿದೆ. ಮುನ್ನೂರು ಮೀಟರ್ ಎಂದ. ಇಬ್ಬರೂ ಹೆಜ್ಜೆ ಎಣಿಸುತ್ತಾ ನಡೆದೆವು. ನಾನೂರು ಮೀಟರ್ ದಾಟಿದ ಮೇಲೂ ಮರ ಇನ್ನೂ ಒಂದು ಬದುವಿನಾಚೆಗಿತ್ತು.