ಹಳೇ ಬುಲೆಟ್‌ಗೆ ಹೈ ಲಿಫ್ಟ್ ಕ್ಯಾಮ್ ಹಾಕಿದವರು ಟ್ಯಾಪೆಟ್ ಹೀಗೆ ನೋಡಿ

ಬುಲೆಟ್‌ಗೆ ಹೈ ಲಿಫ್ಟ್ ಕ್ಯಾಮ್ (ವಾಲ್ವನ್ನು ಹೆಚ್ಚು ಎತ್ತಿ ತೆರೆಯುವ ಕ್ಯಾಮ್) ಹಾಕಿಸಿದ ಮೇಲೆ ಪಿಸ್ಟನ್ ಮೇಲಕ್ಕೆ ತಂದು ಎರಡೂ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ವಾಲ್ವ್ ಕಡೆಗೆ ಒತ್ತು ದಾಟಿಸುವ ಭಾಗ) ಒಟ್ಟಿಗೆ ಸೆಟ್ ಮಾಡಬೇಡಿ, ಒಂದೊಂದೇ ಮಾಡಿ. ಎಕ್ಸಾಸ್ಟ್ ವಾಲ್ವ್ ಆಗಷ್ಟೇ ತೆರೆಯೋಕೆ ಶುರುವಾದಾಗ ಇನ್ಲೆಟ್ ಸೆಟ್ ಮಾಡಿ, ಇನ್ಲೆಟ್ ಪೂರ್ತಿ ತೆರೆದು ಮತ್ತೆ ಮುಚ್ಚುತ್ತಾ ಬಂದು ಇನ್ನೇನು ಪೂರ್ತಿ ಮುಚ್ಚಬೇಕು ಅನ್ನುವಾಗ ಎಕ್ಸಾಸ್ಟ್. ಈ ಕ್ಯಾಮ್‌ಗಳು ವಾಲ್ವನ್ನು ಜಾಸ್ತಿ ಹೊತ್ತು ತೆರೆದಿಡುತ್ತವೆ, ಹಾಗಾಗಿ ಪಿಸ್ಟನ್ ತುದಿಯಲ್ಲಿದ್ದಾಗಲೂ ಟ್ಯಾಪೆಟ್ ಕ್ಯಾಮ್‌ನ ಇಳಿಜಾರಿನ ಮೇಲೇ ಕೂತಿರಬಹುದು, ನಾವು ಸರಿ ಅಂದುಕೊಂಡ ಗ್ಯಾಪ್ ಸುಳ್ಳಾಗಿರುತ್ತದೆ. ಮೇಲೆ ಹೇಳಿದ ಜಾಗದಲ್ಲಾದರೆ ಟ್ಯಾಪೆಟ್ ಕ್ಯಾಮ್‌ನ ದುಂಡು ಭಾಗದ ಮೇಲೇ ಇರುತ್ತದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯೆಲ್ಲ ನಿಂತ ಗಾಡಿಯಾದರೆ ಒಳ್ಳೇದು. ಪ್ಲಗ್ ಬಿಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಲ್ಲಿ ಹಿಂದಿನ ಚಕ್ರವನ್ನು ಮುಂದಕ್ಕೆ ಮೆಲ್ಲಗೆ ತಿರುಗಿಸಿ, ಕಿಕ್ಕರ್‌ಗಿಂತ ಹಿಡಿತ ಚೆನ್ನಾಗಿ ಸಿಗುತ್ತದೆ. ಟ್ಯಾಪೆಟ್ ಮೇಲೆ ನಿಂತ ಕಡ್ಡಿ, ಅಂದರೆ ಪುಶ್ ರಾಡ್, ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು, ಅಂದರೆ ಗ್ಯಾಪ್ ಹೆಚ್ಚುಕಮ್ಮಿ ಸೊನ್ನೆ. ಕ್ಯಾಮ್ ಮಾಡಿದವರು ಬೇರೆ ಗ್ಯಾಪ್ ಹೇಳಿದ್ದರೆ ಅದನ್ನೇ ಪಾಲಿಸಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಪುಶ್ ರಾಡ್ ಮತ್ತೊಮ್ಮೆ ತಿರುಗಿಸಿ ನೋಡಿ, ಬಿಗಿ ಮಾಡುವಾಗಲೇ ಗ್ಯಾಪ್ ಹೋಗೋದು. ಆಯಿಲ್ ಒತ್ತಡದಲ್ಲಿ ಗ್ಯಾಪ್ ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಯುಸಿಇ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಲ್ಲಿರುವ) ಇಂಜಿನ್‌ಗೆ ಇದು ಬೇಡ. ಟ್ಯಾಪೆಟ್ ಪಾದ ಸವೆದಿದ್ದರೆ, ಪುಶ್ ರಾಡ್ ಬಾಗಿದ್ದರೆ ಎಷ್ಟು ಸೆಟ್ ಮಾಡಿದರೂ ಕಟಕಟ ನಿಲ್ಲಲ್ಲ. ಇನ್ನೊಂದು, ಇಂಥ ಕ್ಯಾಮ್ ಕೊಡುವ ಶಕ್ತಿ ಮೇಲಿನ ಆರ್‌ಪಿಎಂನಲ್ಲಿ, ಕೆಳಗೆ ಎಳೆತ ಸ್ವಲ್ಪ ಕಮ್ಮಿಯಾಗುತ್ತದೆ. ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಖುಷಿ, ಆಗುಂಬೆ ಘಾಟಿಯ ತಿರುವಲ್ಲಿ ಹಿಂದೆ ಜನ ಕೂರಿಸಿಕೊಂಡರೆ ಮೊದಲಿಗಿಂತ ಬೇಗ ಗೇರ್ ಇಳಿಸಬೇಕಾಗುತ್ತದೆ, ಅದು ಟ್ಯೂನಿಂಗ್ ತಪ್ಪಲ್ಲ.